ಹಗ್ಗದ ಆ ತುದಿ

ಬೆಳಗಿನ ಎಂಟು ಗಂಟೆ. ಬೆಂಗಳೂರಿನ ಒಂದು ಈಜುಕೊಳ. ಮಕ್ಕಳ ತಂಡ ನೀರಿನಿಂದೆದ್ದು ಹೋಗಿದೆ. ಸಿಮೆಂಟಿನ ಮೇಲೆ ಪುಟ್ಟ ಒದ್ದೆ ಹೆಜ್ಜೆಗಳು ಇನ್ನೂ ಆರಿಲ್ಲ. ನೆರಳಿನಲ್ಲಿ ಗಾಲಿಕುರ್ಚಿಯ ಮೇಲೆ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಕುಳಿತಿದ್ದಾರೆ. ಹುಟ್ಟೂರು ಮಲೆನಾಡು. ಮೂರನೆಯ ವರ್ಷದಲ್ಲಿ ಪೋಲಿಯೊ. ಭುಜದ ನೋವಿಗೆ ಒಳ್ಳೆಯದೆಂದು ವಾರಕ್ಕೆ ಮೂರು ದಿನ ನೀರಿಗಿಳಿಯುತ್ತಾರೆ. ಪಕ್ಕದ ಕಲ್ಲುಬೆಂಚಿನಲ್ಲಿ ಇಪ್ಪತ್ತೇಳರ ಹುಡುಗಿ ತಲೆ ಒರೆಸಿಕೊಳ್ಳುತ್ತಿದ್ದಾಳೆ. ಅವಳ ಸೊಂಟಕ್ಕೊಂದು ಪಟ್ಟಿ, ಪಟ್ಟಿಗೊಂದು ಹಗ್ಗ, ಹಗ್ಗದ ಇನ್ನೊಂದು ತುದಿಗೆ ಗಾಳಿ ತುಂಬಿದ ಪುಟ್ಟ ದೋಣಿ. ಮುಕ್ಕಾಲು ಗಂಟೆಯಿಂದ ಅವಳು ಅದನ್ನು ಎಳೆದುಕೊಂಡು ಕೊಳದ ಆಚೆಗೂ ಈಚೆಗೂ ಈಜುತ್ತಿದ್ದಳು. ಮೇಷ್ಟ್ರು ನೋಡುತ್ತಲೇ ಇದ್ದರು.

ಮೇಷ್ಟ್ರು: ಖಾಲಿ ದೋಣಿ ಎಳೆಯೋ ವ್ಯಾಯಾಮ ಯಾವ ಸೀಮೆಯದು ಮಾರಾಯ್ತಿ?

ಹುಡುಗಿ: ಇವತ್ತು ಖಾಲಿ ಸರ್. ಮುಂದಿನ ವಾರ ಎರಡು ಅಕ್ಕಿ ಮೂಟೆ. ಆಮೇಲೆ ನನ್ನ ತಮ್ಮ.

ಮೇಷ್ಟ್ರು: ಅಕ್ಕಿ ಮೂಟೆ ಆದ ಮೇಲೆ ತಮ್ಮ. ಕ್ರಮ ಚೆನ್ನಾಗಿದೆ.

ಹುಡುಗಿ: ಹಾಗೆ ತಿರುಚಬೇಡಿ. ಮೊದಲು ತೂಕ ಮೈಗೆ ಅಭ್ಯಾಸ ಆಗಬೇಕಲ್ಲ. ಅವನಿಗೆ ಹತ್ತೊಂಬತ್ತು. ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಮಾತು ಹೊರಡಲ್ಲ, ಬುದ್ಧಿ ಮಾತ್ರ ನನಗಿಂತ ಚುರುಕು. ವರ್ಷದ ಕೊನೆಗೆ ಒಂದು ಸಣ್ಣ ಟ್ರಯಥ್ಲಾನ್ ಇದೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್ಲು, 5 ಕಿಲೋಮೀಟರ್ ಓಟ. ಮೂರಕ್ಕೂ ಅವನನ್ನ ಕರ್ಕೊಂಡು ಹೋಗ್ತೀನಿ.

ಮೇಷ್ಟ್ರು: ಕರ್ಕೊಂಡೋ, ಹೊತ್ಕೊಂಡೋ?

ಹುಡುಗಿ: ಎರಡಕ್ಕೂ ನಡುವೆ ಏನಾದ್ರೂ ಪದ ಇದ್ರೆ ಹೇಳಿ, ಅದನ್ನೇ ಇಟ್ಕೊಳ್ತೀನಿ. ನೀವು ಕೈಲ್ ಪೀಸ್, ಬ್ರೆಂಟ್ ಪೀಸ್ ಅನ್ನೋ ಅಣ್ಣತಮ್ಮಂದಿರ ವಿಷಯ ಕೇಳಿಲ್ಲ ಅನ್ಸುತ್ತೆ. ಅಮೆರಿಕದ ಅಟ್ಲಾಂಟಾದವರು. ಕೈಲ್‌ಗೆ ನನ್ನ ತಮ್ಮನ ಹಾಗೇ ಸೆರೆಬ್ರಲ್ ಪಾಲ್ಸಿ. ಅಣ್ಣ ಬ್ರೆಂಟ್ 2010ರಲ್ಲಿ ಲೂಯಿವಿಲ್‌ನಲ್ಲಿ ಐರನ್‌ಮ್ಯಾನ್ ಅನ್ನೋ ದೊಡ್ಡ ಟ್ರಯಥ್ಲಾನ್ ಮುಗಿಸಿದ. ನೋಡೋಕೆ ಬಂದಿದ್ದ ಕೈಲ್ ಆಮೇಲೆ ಕೇಳಿದನಂತೆ, ಗಾಲಿಕುರ್ಚಿಯವರೂ ಇದನ್ನ ಮಾಡಬಹುದಾ ಅಂತ. 2013ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಇಬ್ಬರೂ ಸೇರಿ ಮೊದಲ ಐರನ್‌ಮ್ಯಾನ್ ಮಾಡಿದ್ರು. 2018ರ ಅಕ್ಟೋಬರ್‌ನಲ್ಲಿ ಹವಾಯಿಯ ಕೋನಾದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಹೀಗೆ ಜೋಡಿಯಾಗಿ ಅದನ್ನ ಮುಗಿಸಿದ ಮೊದಲ ಅಣ್ಣತಮ್ಮಂದಿರು ಅವರೇ. ಸಮುದ್ರದಲ್ಲಿ 3.8 ಕಿಲೋಮೀಟರ್ ದೋಣಿ ಎಳೀಬೇಕು. ಲಾವಾ ಹರಿದು ಕರ್ರಗಾದ ಬಯಲಿನಲ್ಲಿ, ಎದುರುಗಾಳಿಗೆ, 180 ಕಿಲೋಮೀಟರ್ ಸೈಕಲ್ಲು. ಆಮೇಲೆ 42.2 ಕಿಲೋಮೀಟರ್ ಕುರ್ಚಿ ತಳ್ಳಿಕೊಂಡು ಓಟ. ಹದಿನೇಳು ಗಂಟೆ ಗಡುವು. ಅವರು ಹದಿನೈದರೊಳಗೇ ಮುಗಿಸಿದ್ರು.

ಮೇಷ್ಟ್ರು: ಒಟ್ಟು 226 ಕಿಲೋಮೀಟರ್. ಇಲ್ಲಿಂದ ಹೊರಟು ಚಿತ್ರದುರ್ಗ ದಾಟಿದ ಹಾಗೆ. ಸರಿ, ಅದರಲ್ಲಿ ಅಣ್ಣ ಎಷ್ಟು ಮಾಡಿದ?

ಹುಡುಗಿ: 226.

ಮೇಷ್ಟ್ರು: ತಮ್ಮ?

ಹುಡುಗಿ: 226.

ಮೇಷ್ಟ್ರು: ನನ್ನ ಕ್ಲಾಸಿನಲ್ಲಿ ಹೀಗೆ ಉತ್ತರ ಬರೆದಿದ್ರೆ ಕ್ರಮ ತೋರಿಸು ಅಂತಿದ್ದೆ.

ಹುಡುಗಿ: ತೋರಿಸ್ತೀನಿ. ಬಿಗಿಯಾದ ಮೈ ಇರೋನು ಹದಿನಾಲ್ಕು ಗಂಟೆ ಒಂದೇ ಭಂಗಿಯಲ್ಲಿ ಕೂರೋದು ಅಂದ್ರೇನು ಗೊತ್ತಾ? ತಣ್ಣೀರು ತಾಗಿದ ಕೂಡಲೇ ಸ್ನಾಯು ಇನ್ನೂ ಸೆಟೆದುಕೊಳ್ಳುತ್ತೆ. ದೋಣಿಯ ಓಲಾಟಕ್ಕೆ ವಾಂತಿ ಬಂದ್ರೆ ಪಕ್ಕಕ್ಕೆ ಹೊರಳೋ ಹಾಗಿಲ್ಲ. ಬಿಸಿಲಿಗೆ ಮುಖಕ್ಕೆ ಅಡ್ಡ ಕೈ ಹಿಡಿಯೋ ಹಾಗಿಲ್ಲ. ಕೂತಲ್ಲಿ ಚರ್ಮ ಒತ್ತಿ ಹುಣ್ಣಾಗಬಹುದು. ಅಣ್ಣನಿಗೆ ಸುಸ್ತಾದ್ರೆ ನಿಲ್ಲಬಹುದು. ಇವನಿಗೆ ನಿಲ್ಲಿಸೋಕೆ ಏನಿದೆ?

ಮೇಷ್ಟ್ರು: ಕೂರೋದರ ಕಷ್ಟ ನನಗೆ ಪಾಠ ಮಾಡಬೇಡ. ಅರವತ್ತೈದು ವರ್ಷದಿಂದ ಕೂತಿದ್ದೀನಿ. ಯಾರೂ ಪದಕ ಹಾಕ್ಲಿಲ್ಲ.

ಹುಡುಗಿ: ನಿಮಗೆ ಪದಕ ಬೇಕಿತ್ತಾ?

ಮೇಷ್ಟ್ರು: ಬೇಡ. ಅದೇ ನಾನು ಹೇಳ್ತಿರೋದು. ನೀನು ಹೇಳಿದ ಅಣ್ಣತಮ್ಮಂದಿರ ಸುದ್ದಿ ನಾನು ಕೇಳಿರಲಿಲ್ಲ. ಆದರೆ ಅವರಿಗಿಂತ ಮುಂಚಿನ ಅಪ್ಪ-ಮಗ ಇದ್ರಲ್ಲ, ಡಿಕ್ ಹಾಯ್ಟ್, ರಿಕ್ ಹಾಯ್ಟ್, ಅವರ ವಿಡಿಯೊ ನಮ್ಮ ಶಾಲೆಯಲ್ಲಿ ಎಷ್ಟು ಸಲ ತೋರಿಸಿದ್ರೋ ಲೆಕ್ಕ ಇಲ್ಲ. ಅಪ್ಪ ದೋಣಿ ಎಳೀತಾನೆ, ಮಗ ಆಕಾಶ ನೋಡ್ತಾನೆ, ಹಿಂದೆ ಸಂಗೀತ. ಮುಗಿದ ಮೇಲೆ ದೀಪ ಹತ್ತುತ್ತೆ. ಇಡೀ ಸಭೆ ಕಣ್ಣೊರೆಸ್ಕೊಂಡು ತಿರುಗೋದು ಎಲ್ಲಿಗೆ ಗೊತ್ತಾ? ಮೂಲೆಯಲ್ಲಿ ಕೂತ ನನ್ನ ಕಡೆಗೆ. ಆಮೇಲೆ ಮಕ್ಕಳಿಗೆ ಹೇಳೋರು, ಅಂಥವರೇ ಸಾಧಿಸುವಾಗ ನಿಮಗೇನು ಧಾಡಿ? ಅವತ್ತು ನಾನು ಮಾಡಿದ್ದ ಸಾಧನೆ ಏನು? ಮಧ್ಯಾಹ್ನ ಎಂಟನೇ ಕ್ಲಾಸಿಗೆ ಚಕ್ರಬಡ್ಡಿ ಪಾಠ.

ಹುಡುಗಿ: ಸ್ಟೆಲ್ಲಾ ಯಂಗ್ ಹೇಳಿದ್ದೂ ಅದನ್ನೇ. ಆಸ್ಟ್ರೇಲಿಯಾದ ಹಾಸ್ಯಗಾರ್ತಿ, ಪತ್ರಕರ್ತೆ, ಗಾಲಿಕುರ್ಚಿಯಲ್ಲೇ ಇದ್ದವಳು. 2014ರಲ್ಲಿ ಸಿಡ್ನಿಯಲ್ಲಿ ಒಂದು ಭಾಷಣ ಮಾಡಿದ್ಲು. ನಮ್ಮನ್ನ ನೋಡಿ ನೀವು ಹುರುಪು ತುಂಬ್ಕೊಳ್ಳೋದಕ್ಕೆ ನಾವು ಹುಟ್ಟಿಲ್ಲ ಅನ್ನೋದು ಅದರ ಸಾರ. ನಾನೂ ಕೇಳಿದ್ದೀನಿ. ಒಪ್ಪಿದ್ದೀನಿ.

ಮೇಷ್ಟ್ರು: ಒಪ್ಪಿಯೂ ದೋಣಿ ಎಳೀತೀಯ.

ಹುಡುಗಿ: ಜನ ನೋಡೋದು ಜನರ ರೋಗ ಸರ್. ಅವರು ತಪ್ಪಾಗಿ ನೋಡ್ತಾರೆ ಅಂತ ನನ್ನ ತಮ್ಮ ನೀರು ಬಿಟ್ಟು ಮನೇಲಿ ಟಿವಿ ಮುಂದೆ ಕೂರಬೇಕಾ? ಆ ವಿಡಿಯೊದಲ್ಲಿ ಬರದ ಭಾಗ ಒಂದಿದೆ. ರಿಕ್‌ಗೆ ಹುಟ್ಟುವಾಗ ಕರುಳಬಳ್ಳಿ ಕುತ್ತಿಗೆಗೆ ಸುತ್ತಿ ಮಿದುಳಿಗೆ ಆಮ್ಲಜನಕ ಹೋಗಿರಲಿಲ್ಲ. ಮಾತಿಲ್ಲ. 1972ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಅವನಿಗೊಂದು ಯಂತ್ರ ಮಾಡಿಕೊಟ್ರು. ತಲೆಯಿಂದ ಒತ್ತಿ ಒಂದೊಂದೇ ಅಕ್ಷರ ಆರಿಸೋದು. ಮನೆಯವರೆಲ್ಲ ಸುತ್ತ ಕೂತು ಕಾಯ್ತಿದ್ರು, ಮೊದಲು ಅಪ್ಪ ಅಂತಾನೋ ಅಮ್ಮ ಅಂತಾನೋ ಅಂತ. ಬಂದಿದ್ದು ಬಾಸ್ಟನ್‌ನ ಐಸ್ ಹಾಕಿ ತಂಡ ಬ್ರೂಯಿನ್ಸ್‌ಗೆ ಜೈಕಾರ! ಹುಡುಗನಿಗೆ ಆಟದ ಹುಚ್ಚು ಅಷ್ಟಿತ್ತು. ಐದು ವರ್ಷ ಬಿಟ್ಟು, 1977ರಲ್ಲಿ, ಮೈ ಸ್ವಾಧೀನ ಕಳ್ಕೊಂಡ ಒಬ್ಬ ಆಟಗಾರನ ಸಹಾಯಕ್ಕೆ ಐದು ಮೈಲಿ ಓಟ ಏರ್ಪಾಡಾಯ್ತು. ಓಡಬೇಕು ಅಂದವನು ಅಪ್ಪ ಅಲ್ಲ, ಮಗ. ಓಟ ಮುಗಿದ ಮೇಲೆ ಯಂತ್ರದಲ್ಲಿ ಹೇಳಿದನಂತೆ, ಓಡುವಾಗ ತನಗೆ ಅಂಗವಿಕಲ ಅನ್ನಿಸೋದೇ ಇಲ್ಲ ಅಂತ.

ಮೇಷ್ಟ್ರು: ನಿನ್ನ ಬಾಯಲ್ಲೇ ಬಂತು ನೋಡು. ರಿಕ್ ಕೇಳಿದ. ಕೈಲ್ ಕೇಳಿದ. ನಿನ್ನ ತಮ್ಮ?

*ಹುಡುಗಿ ಟವೆಲನ್ನು ಮಡಿಸಿ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಾಳೆ.*

ಹುಡುಗಿ: ಅವನಿಗೆ ಕಣ್ಣು ಮೇಲೆತ್ತಿದ್ರೆ ಹೌದು, ಮುಚ್ಚಿದ್ರೆ ಬೇಡ. ಬರ್ತೀಯೇನೋ ಅಂತ ಕೇಳಿದೆ. ಮೇಲೆತ್ತಿದ. ಜೋರಾಗಿ ನಕ್ಕ ಬೇರೆ.

ಮೇಷ್ಟ್ರು: ಅಕ್ಕ ಪ್ರೀತಿಯಿಂದ ಬರ್ತೀಯಾ ಅಂದ್ರೆ ಯಾವ ತಮ್ಮ ಬೇಡ ಅಂತಾನೆ? ನೀನು ಕೇಳೋ ಪ್ರಶ್ನೆಗೆ ಅವನು ಹೌದು ಅನ್ನಬಹುದು, ಅಲ್ಲ ಅನ್ನಬಹುದು. ಅವನು ಕೇಳೋ ಪ್ರಶ್ನೆಗೆ ದಾರಿ ಎಲ್ಲಿದೆ? ಆ ಯಂತ್ರ ಬರದೇ ಇದ್ದಿದ್ರೆ ರಿಕ್‌ಗೆ ಹಾಕಿ ಹುಚ್ಚು ಅಂತ ಯಾರಿಗೆ ಗೊತ್ತಾಗ್ತಿತ್ತು? ಊಟ ಬೇಕಾ, ನೀರು ಬೇಕಾ ಅಂತ ಕೇಳೋರು. ಬ್ರೂಯಿನ್ಸ್ ಗೆದ್ರಾ ಅಂತ ಯಾರೂ ಕೇಳ್ತಿರಲಿಲ್ಲ.

ಹುಡುಗಿ: ಹಾಗಂತ ಯಂತ್ರ ಬರೋವರೆಗೆ ಕಾಯಬೇಕಾ? ಟೆನ್ನೆಸ್ಸಿಯಲ್ಲಿ ಇಬ್ಬರು ಪುಟ್ಟ ಅಣ್ಣತಮ್ಮಂದಿರಿದ್ರು. ತಮ್ಮನಿಗೆ ನಡಿಗೆಯೂ ಇಲ್ಲ, ಮಾತೂ ಇಲ್ಲ. ಅಣ್ಣ ಇನ್ನೂ ಪ್ರೈಮರಿ ಶಾಲೆ ಹುಡುಗ. ತಮ್ಮನ ಜೊತೆ ಆಡೋಕೆ ಬೇರೆ ಆಟ ಸಿಗದೆ 2011ರಲ್ಲಿ ಮಕ್ಕಳ ಟ್ರಯಥ್ಲಾನ್‌ಗೆ ಅವನನ್ನ ಎಳ್ಕೊಂಡು ಹೋದ. ಮರುವರ್ಷ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಕಿಡ್ಸ್ ಪತ್ರಿಕೆ ಆ ಜೋಡಿಗೆ ವರ್ಷದ ಮಕ್ಕಳ ಕ್ರೀಡಾಪಟು ಗೌರವ ಕೊಡ್ತು. ಅಲ್ಲಿ ಒಪ್ಪಿಗೆ ಪತ್ರ ಯಾರು ಬರೆದ್ರು? ನಗು ನೋಡಿ ಹೋದ್ರು. ಮಗುವಿಗೆ ಜೋಕಾಲಿ ಕಟ್ಟುವಾಗ ಅರ್ಜಿ ತಗೊಳ್ತೀವಾ ನಾವು?

ಮೇಷ್ಟ್ರು: ಮಗುವಿಗೆ ಕಟ್ಟು. ನಿನ್ನ ತಮ್ಮನಿಗೆ ಹತ್ತೊಂಬತ್ತು.

ಹುಡುಗಿ: ...ಅದು ನಿಜ.

ಮೇಷ್ಟ್ರು: ನಿಜವಾದ್ದನ್ನ ಬೇಗ ಒಪ್ಕೊಂಡೆ, ಅದಕ್ಕೆ ನಿನ್ನ ಪರವಾಗಿ ಒಂದು ಮಾತು ನಾನೇ ಹೇಳ್ತೀನಿ. ಆ ಹಾಯ್ಟ್ ಜೋಡಿಯನ್ನ ಬಾಸ್ಟನ್ ಮ್ಯಾರಥಾನ್‌ನವರು ಮೊದಲು ಅಧಿಕೃತವಾಗಿ ಸೇರಿಸ್ಕೊಳ್ಳಲಿಲ್ಲ. ಅರ್ಹತೆಯ ಸಮಯ ಓಡಿ ತೋರಿಸಿ ಅಂದ್ರು. ಯಾರ ವಯಸ್ಸಿನ ಸಮಯ? ನಲವತ್ತು ದಾಟಿದ ಅಪ್ಪನದಲ್ಲ, ಇಪ್ಪತ್ತರ ಆಸುಪಾಸಿನ ಮಗನದು. ಕುರ್ಚಿ ತಳ್ಕೊಂಡು ಎರಡೂಮುಕ್ಕಾಲು ಗಂಟೆ ಚಿಲ್ಲರೆಯಲ್ಲಿ ಓಡಿದ್ರು, 1983ರಲ್ಲಿ. ಬಾಗಿಲು ತೆಗೀತು.

ಹುಡುಗಿ: ಎಷ್ಟು ಅನ್ಯಾಯ ಅಲ್ವಾ ಸರ್?

ಮೇಷ್ಟ್ರು: ಅನ್ಯಾಯವೇ. ಆದರೆ ತಮಾಷೆ ನೋಡು. ತಡೆಯೋಕೆ ಅಂತ ಮಾಡಿದ ನಿಯಮ, ಗೊತ್ತಿಲ್ಲದೇ ಒಂದು ವಿಷಯ ಒಪ್ಕೊಂಡುಬಿಡ್ತು. ಓಡ್ತಿರೋನು ಮಗ. ಅಪ್ಪ ಅವನ ಕಾಲು ಅಷ್ಟೆ. ಅಳೋ ಜನಕ್ಕಿಂತ ಅಡ್ಡ ನಿಂತವರೇ ರಿಕ್‌ಗೆ ಹೆಚ್ಚು ಮರ್ಯಾದೆ ಕೊಟ್ರು ಅನ್ಸುತ್ತೆ ನನಗೆ.

ಹುಡುಗಿ: ಹಾಗಾದ್ರೆ ಕೂತವನೂ ಓಟಗಾರ ಅಂತ ಒಪ್ಪಿದ ಹಾಗಾಯ್ತು.

ಮೇಷ್ಟ್ರು: ಅವಸರ ಮಾಡಬೇಡ. ಕೂತವನು ಆಟಗಾರ ಆಗೋದು ಹೇಗೆ ಅಂತ ನಾನು ಹೇಳ್ತೀನಿ. ಬೋಚ್ಚಾ ಅಂತ ಒಂದು ಆಟ, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಚರ್ಮದ ಚೆಂಡನ್ನ ಗುರಿ ಚೆಂಡಿನ ಹತ್ತಿರಕ್ಕೆ ಉರುಳಿಸೋದು. ಕೈಯಲ್ಲಿ ಎಸೆಯೋಕೂ ಆಗದೋರಿಗೆ ಒಂದು ಇಳಿಜಾರು ಪಟ್ಟಿ, ಅದನ್ನ ತಿರುಗಿಸೋಕೆ ಒಬ್ಬ ಸಹಾಯಕ. ಆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು. ತಿರುಗಿ ನೋಡೋ ಹಾಗಿಲ್ಲ. ಆಟಗಾರ ಎಡಕ್ಕೆ ಅಂದ್ರೆ ಎಡಕ್ಕೆ, ಎತ್ತು ಅಂದ್ರೆ ಎತ್ತಬೇಕು. ಆಟ ಕಾಣೋದು ಕೈ ಇಲ್ಲದವನಿಗೆ, ಕೈ ಇದ್ದವನಿಗೆ ಕಾಣಲ್ಲ. ಎಂಥ ಲೆಕ್ಕ ಅದು! ಒಂದು ಚೂರು ಶೇಷ ಉಳಿಯಲ್ಲ. ಅಲ್ಲಿ ಗೆದ್ದವನನ್ನ ನೋಡಿ ಪಾಪ ಅನ್ನೋಕೆ ಯಾರಿಗೂ ಜಾಗ ಇಲ್ಲ. ಇನ್ನು ತೋಳಲ್ಲಿ ಬಲ ಇದ್ದವರೋ, ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ ಇದ್ದಾರೆ. ತಮ್ಮ ಗಾಲಿ ತಾವೇ ತಿರುಗಿಸಿ ಓಡಿದ್ರು, ಗುಂಡು ಎಸೆದ್ರು, ಅರ್ಜುನ ಪ್ರಶಸ್ತಿ ತಗೊಂಡ್ರು. ಬೋಚ್ಚಾ ಆಡಿಸು ತಮ್ಮನಿಗೆ. ದೋಣಿ ಯಾಕೆ?

ಹುಡುಗಿ: ನನಗೆ ಬೆನ್ನು ಹಾಕಿ ಕೂರೋಕೆ ಇಷ್ಟ ಇಲ್ಲ ಸರ್, ಅದಕ್ಕೆ.

ಮೇಷ್ಟ್ರು: ಅಂದ್ರೆ?

ಹುಡುಗಿ: ನಾನು ಅವನ ಕೈ ಅಲ್ಲ, ಕಾಲಲ್ಲ. ಅಕ್ಕ. ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲಿ ಅಕ್ಕತಮ್ಮಂದಿರು ಕಿತ್ತಾಡೋರು, ಓಡಿ ಹಿಡಿಯೋರು, ಒಂದೇ ಸೈಕಲ್ಲಿಗೆ ಜಗಳ ಆಡೋರು. ನಮಗೆ ಅದು ಸಿಗಲಿಲ್ಲ. ನಮ್ಮಿಬ್ಬರ ನಡುವೆ ಇದ್ದಿದ್ದು ಫಿಸಿಯೋಥೆರಪಿ, ಊಟ ಮಾಡಿಸೋದು, ಬಟ್ಟೆ ಬದಲಿಸೋದು. ಎಲ್ಲ ಕೆಲಸ. ಕೆಲಸಕ್ಕೆ ಬಾರದ ಒಂದು ಕೆಲಸ ಅವನ ಜೊತೆ ಮಾಡಬೇಕು ನನಗೆ. ಇಬ್ಬರೂ ಒದ್ದೆಯಾಗಬೇಕು, ಇಬ್ಬರಿಗೂ ಹಸಿವಾಗಬೇಕು. ನಿಮ್ಮ ಲೆಕ್ಕದಲ್ಲಿ ಶೇಷ ಉಳಿಯಲ್ಲ ಅಂದ್ರಿ. ನನಗೆ ಬೇಕಿರೋದು ಆ ಶೇಷವೇ.

*ಮೇಷ್ಟ್ರು ತಕ್ಷಣ ಏನೂ ಹೇಳುವುದಿಲ್ಲ. ಕಾವಲುಗಾರ ಉದ್ದನೆಯ ಬಲೆಯಲ್ಲಿ ಕೊಳದ ಮೇಲಿನ ಎಲೆಗಳನ್ನು ಎತ್ತುತ್ತಿದ್ದಾನೆ.*

ಹುಡುಗಿ: ನಮ್ಮಜ್ಜಿ ಶ್ರವಣಬೆಳಗೊಳಕ್ಕೆ ಹೋದಾಗ ದೊಡ್ಡಬೆಟ್ಟ ಹತ್ತಿದ್ದು ಡೋಲಿಯಲ್ಲಿ. ಆರುನೂರಕ್ಕೂ ಮಿಕ್ಕಿ ಮೆಟ್ಟಿಲು. ಇವತ್ತಿಗೂ ಅಜ್ಜಿ ಬೆಟ್ಟ ಹತ್ತಿದೆ ಅಂತಾರೇ ಹೊರತು ಹತ್ತಿಸಿದ್ರು ಅನ್ನಲ್ಲ. ಅದನ್ನ ಕೇಳಿ ಯಾರೂ ನಕ್ಕಿಲ್ಲ.

ಮೇಷ್ಟ್ರು: ನಿನ್ನಜ್ಜಿ ಡೋಲಿಯವರಿಗೆ ದುಡ್ಡು ಕೊಟ್ರಲ್ಲ?

ಹುಡುಗಿ: ಕೊಟ್ರು.

ಮೇಷ್ಟ್ರು: ಅಲ್ಲಿಗೆ ಚುಕ್ತಾ. ಅದಕ್ಕೇ ಧೈರ್ಯವಾಗಿ ಹತ್ತಿದೆ ಅಂತಾರೆ. ಅಣ್ಣನಿಗೆ ಎಷ್ಟು ಕೊಡ್ತೀಯ? ನನ್ನ ಅಣ್ಣ ನನ್ನನ್ನ ನಾಲ್ಕು ಮಳೆಗಾಲ ಹೆಗಲ ಮೇಲೆ ಹೊತ್ತ. ನಮ್ಮ ಮನೆಗೂ ಶಾಲೆಗೂ ನಡುವೆ ಹಳ್ಳ. ಹಳ್ಳಕ್ಕೊಂದು ಸಂಕ, ಎರಡು ಅಡಿಕೆ ಮರ ಅಡ್ಡ ಹಾಕಿದ್ದು. ಆಷಾಢದಲ್ಲಿ ಕೆಂಪು ನೀರು ಸಂಕ ನೆಕ್ಕಿಕೊಂಡು ಹೋಗೋದು. ಊರಿಗೆ ಊರೇ ಅವನನ್ನ ಶ್ರವಣಕುಮಾರ ಅಂತ ಕರೀತಿತ್ತು. ಶ್ರವಣಕುಮಾರನ ಕಾವಡಿಯಲ್ಲಿ ಕೂತವರ ಹೆಸರೇನು ಹೇಳು ನೋಡೋಣ?

ಹುಡುಗಿ: ...ಗೊತ್ತಿಲ್ಲ. ಅಪ್ಪ, ಅಮ್ಮ.

ಮೇಷ್ಟ್ರು: ಅದೇ. ನನ್ನನ್ನೂ ಊರವರು ಹೆಸರು ಹಿಡಿದು ಕರೀತಿರಲಿಲ್ಲ. ಅವನ ತಮ್ಮ ಅಂತಿದ್ರು. ನಾನು ಗಣಿತದಲ್ಲಿ ನೂರಕ್ಕೆ ನೂರು ತೆಗೆದಾಗಲೂ ಅಣ್ಣನ ಪುಣ್ಯ ಅಂದ್ರು. ಅವನಿಗೆ ಹೈಸ್ಕೂಲಿಗೆ ಪೇಟೆಗೆ ಹೋಗಬೇಕಿತ್ತು. ಹೋಗಿದ್ರೆ ನನ್ನನ್ನ ಹೊರೋರು ಯಾರು? ಏಳನೇ ಕ್ಲಾಸಿಗೆ ನಿಲ್ಲಿಸಿದ. ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿದ್ರೆ ಜಗಳ ಆಡಿ ಹಗುರಾಗ್ತಿದ್ದೆ. ಈಗ ಅವನೂ ಇಲ್ಲ. ಡೋಲಿಯವನಿಗೆ ಕೊಟ್ಟ ಹಾಗೆ ಕೊಟ್ಟು ಮುಗಿಸೋಕೆ ಆಗದ ಸಾಲ ಅದು. ರಿಕ್ ಕೂಡ ಒಮ್ಮೆ ಹೇಳಿದ್ದನಂತಲ್ಲ, ಅಪ್ಪನನ್ನ ಕುರ್ಚಿಯಲ್ಲಿ ಕೂರಿಸಿ ತಾನು ಒಂದು ಸಲ ತಳ್ಳಬೇಕು ಅಂತ. ಎಲ್ಲರೂ ಅದನ್ನ ಪ್ರೀತಿ ಅಂತ ಕೇಳಿಸ್ಕೊಳ್ತಾರೆ. ನನಗೆ ಅದರಲ್ಲಿ ಸಾಲ ಕೇಳಿಸುತ್ತೆ.

ಹುಡುಗಿ: ಎರಡೂ ಇರಬಹುದಲ್ವಾ ಸರ್?

ಮೇಷ್ಟ್ರು: ಇರಬಹುದು. ನೀನು ಹೇಳಿದ ಆ ಬೆಟ್ಟದ ಮೇಲೆ ನಿಂತಿದ್ದಾನಲ್ಲ, ಅವನ ಕಥೆ ನೆನಪು ಮಾಡ್ಕೋ. ಅಣ್ಣತಮ್ಮಂದಿರ ಮೂರು ಪಂದ್ಯ ನಮ್ಮಲ್ಲೂ ಇತ್ತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಪಂಪ ಬರೆದಿದ್ದಾನೆ. ಮೂರನೆಯದರಲ್ಲಿ ಬಾಹುಬಲಿ ಭರತನನ್ನ ಎತ್ತಿಬಿಟ್ಟ. ನೆಲಕ್ಕೆ ಅಪ್ಪಳಿಸಲಿಲ್ಲ, ಮೆಲ್ಲಗೆ ಇಳಿಸಿದ. ಆಗ ಭರತನಿಗೆ ಏನಾಯ್ತು? ತಮ್ಮನ ಕೈಯಲ್ಲಿ ಎತ್ತಿಸ್ಕೊಂಡೆನಲ್ಲ ಅಂತ ಮೈಯೆಲ್ಲ ಉರಿದು ಚಕ್ರ ಬಿಟ್ಟ. ಇಡೀ ಭೂಮಂಡಲ ಗೆದ್ದ ಚಕ್ರವರ್ತಿ! ಒಂದು ಕ್ಷಣ ಎತ್ತಿಸ್ಕೊಂಡಿದ್ದಕ್ಕೆ ಅವನಿಗೇ ಅಷ್ಟಾದ್ರೆ, ದಿನಾ ಎತ್ತಿಸ್ಕೊಳ್ಳೋರ ಒಳಗೆ ಎಷ್ಟು ಚಕ್ರ ತಿರುಗ್ತಿರಬೇಡ? ಎತ್ತಿದವನಿಗೆ ಮಾತ್ರ ಬೆಟ್ಟದ ಮೇಲೆ ಮೂರ್ತಿ.

ಹುಡುಗಿ: ತಪ್ಪು ಸರ್. ಮೂರ್ತಿ ಎತ್ತಿದ್ದಕ್ಕಲ್ಲ. ಬಿಟ್ಟಿದ್ದಕ್ಕೆ.

*ಮೇಷ್ಟ್ರು ಗಟ್ಟಿಯಾಗಿ ನಗುತ್ತಾರೆ. ಕಾವಲುಗಾರ ತಿರುಗಿ ನೋಡುತ್ತಾನೆ.*

ಮೇಷ್ಟ್ರು: ಸರಿ, ಈ ಸುತ್ತು ನಿನ್ನದು.

ಹುಡುಗಿ: ಒಂದು ಕೇಳ್ಲಾ? ಸಂಕ ದಾಟುವಾಗ ನೀವು ಹೆಗಲ ಮೇಲೆ ಸುಮ್ನೆ ಕೂತಿರ್ತಿದ್ರಾ?

ಮೇಷ್ಟ್ರು: ಸುಮ್ನೆ ಹೇಗೆ ಕೂರೋದು? ಕೊಡೆ ಹಿಡೀಬೇಕಲ್ಲ.

ಹುಡುಗಿ: ಕೊಡೆ ನಿಮ್ಮ ಕೈಲಿತ್ತಾ?

ಮೇಷ್ಟ್ರು: ಮತ್ತೆ? ಅವನ ಎರಡೂ ಕೈ ನನ್ನ ಕಾಲು ಹಿಡಿದಿರೋದು. ಮಲೆನಾಡಿನ ಗಾಳಿ ಅಂದ್ರೆ ಏನಂದ್ಕೊಂಡೆ? ಕೊಡೆ ಒಂಚೂರು ಓರೆಯಾದ್ರೆ ಇಬ್ಬರೂ ಹಳ್ಳಕ್ಕೆ. ಗಾಳಿ ಯಾವ ಕಡೆಯಿಂದ ಬರುತ್ತೆ, ಸಂಕದ ಯಾವ ಮರ ಜಾರುತ್ತೆ, ನೀರು ನಿನ್ನೆಗಿಂತ ಎಷ್ಟು ಏರಿದೆ, ಮೇಲಿಂದ ಕಾಣೋದು ನನಗೆ. ಬಲಗಾಲು ಹಾಕು, ನಿಲ್ಲು, ಈಗ ಹೋಗು ಅಂತ ಹೇಳೋನು ನಾನು.

ಹುಡುಗಿ: ಊರವರು ಆ ಕೊಡೆಯ ಮಾತು ಯಾವತ್ತಾದ್ರೂ ಆಡಿದ್ರಾ?

ಮೇಷ್ಟ್ರು: ಇಲ್ಲ.

ಹುಡುಗಿ: ನೀವು?

ಮೇಷ್ಟ್ರು: ...ಇವತ್ತೇ ಮೊದಲು ಅನ್ಸುತ್ತೆ.

ಹುಡುಗಿ: ಹಾಗಾದ್ರೆ ಹಳ್ಳ ದಾಟಿದ್ದು ಯಾರು ಸರ್?

ಮೇಷ್ಟ್ರು: ನನ್ನ ಬಾಯಿಂದ ಹೇಳಿಸೋಕೆ ನೋಡ್ತೀಯ. ಹೇಳಲ್ಲ. ಕೊಡೆ ಇತ್ತು ಅಂತ ಅವನ ಹೈಸ್ಕೂಲು ವಾಪಸು ಬರಲ್ಲ. ಆ ಹಳ್ಳಕ್ಕೆ ಪಂಚಾಯ್ತಿಯವರು ಒಂದು ಸೇತುವೆ ಕಟ್ಟಿದ್ರೆ ಕೊಡೆಯೂ ಬೇಡ, ಹೆಗಲೂ ಬೇಡ, ಶ್ರವಣಕುಮಾರನೂ ಬೇಡ. ಕಟ್ಟಿದ್ರು, ನಾನು ಊರು ಬಿಟ್ಟು ಇಪ್ಪತ್ತು ವರ್ಷದ ಮೇಲೆ. ಹೊರೋಕೆ ಒಬ್ಬ ಒಳ್ಳೆಯವನು ಸಿಕ್ಕಿಬಿಟ್ರೆ ಸೇತುವೆ ತಡವಾಗುತ್ತೆ. ನನ್ನ ಹೆದರಿಕೆ ಅದೇ. ನೀನು ಎಳೀತೀಯ, ಜನ ಚಪ್ಪಾಳೆ ತಟ್ತಾರೆ, ಮನೆಗೆ ಹೋಗ್ತಾರೆ. ಹೋಗುವಾಗ ನಿನ್ನ ತಮ್ಮ ಹತ್ತಲಾರದ ಬಸ್ಸಿನಲ್ಲೇ ಹೋಗ್ತಾರೆ.

ಹುಡುಗಿ: ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಿಗೆ ಬಸ್ಸು ಹತ್ತುವಾಗ ಅವನ ನೆನಪಾದ್ರೂ ಸಾಕು. 2011ರಲ್ಲೇ ಪೀಸ್ ಸೋದರರು ಒಂದು ಪ್ರತಿಷ್ಠಾನ ಕಟ್ಟಿದ್ರು. ಆ ಮೂಲಕ ಎಷ್ಟೋ ಅಂಗವಿಕಲರು ಓಟಗಳಿಗೆ ಬಂದಿದ್ದಾರೆ. ಕಣ್ಣಿಗೆ ಬೀಳದೇ ಇದ್ದವರಿಗೆ ಯಾರು ಸೇತುವೆ ಕಟ್ತಾರೆ? ಮೊದಲು ದಾರಿಯಲ್ಲಿ ಕಾಣಬೇಕು.

ಮೇಷ್ಟ್ರು: ರಿಕ್‌ನ ಅಮ್ಮನ ಹೆಸರು ಗೊತ್ತಾ ನಿನಗೆ?

ಹುಡುಗಿ: ಜೂಡಿ.

ಮೇಷ್ಟ್ರು: ಪರವಾಗಿಲ್ಲ, ಗೊತ್ತಿದೆ. ಮಗನಿಗೆ ಶಾಲೆ ಬಾಗಿಲು ತೆಗೆಯಲಿಲ್ಲ ಅಂತ ಅವಳು ಹೋರಾಡಿದ್ಲು. ಅಂಥ ಮಕ್ಕಳೂ ಸರ್ಕಾರಿ ಶಾಲೆಯಲ್ಲಿ ಕಲಿಯೋ ಹಾಗೆ 1972ರಲ್ಲಿ ಮಸಾಚುಸೆಟ್ಸ್ ಒಂದು ಕಾಯ್ದೆ ಮಾಡ್ತು. ಅದಕ್ಕಾಗಿ ಓಡಾಡಿದವರಲ್ಲಿ ಅವಳೂ ಒಬ್ಬಳು. ರಿಕ್ ಮುಂದೆ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪದವಿ ತಗೊಂಡ. ಮ್ಯಾರಥಾನ್ ಶುರುವಾಗೋ ಹಾಪ್ಕಿಂಟನ್‌ನಲ್ಲಿ 2013ರಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದ್ರು, ತಳ್ಳೋ ಅಪ್ಪ, ಕೂತ ಮಗ. ಆ ಪ್ರತಿಮೆಯಲ್ಲಿ ಅವಳಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದದ್ದನ್ನ ಕಂಚಿನಲ್ಲಿ ಎರಕ ಹೊಯ್ಯೋದು ಕಷ್ಟ. ನಿನ್ನ ತಮ್ಮನಿಗೆ ದಿನಾ ಬೆಳಿಗ್ಗೆ ಸ್ನಾನ ಮಾಡಿಸೋದು ಯಾರು?

ಹುಡುಗಿ: ಅಮ್ಮ.

ಮೇಷ್ಟ್ರು: ಅವರಿಗೆ ಹದಿನೇಳು ಗಂಟೆ ಗಡುವು ಇದೆಯಾ?

ಹುಡುಗಿ: ಇಲ್ಲ. ...ಇವತ್ತು ಬೆಳಿಗ್ಗೆ ನಾನು ಇಲ್ಲಿದ್ದೆ. ಎತ್ತಿದ್ದು ಅವರೊಬ್ಬರೇ. ನೀವು ಇದನ್ನ ಹೇಳ್ತೀರ ಅಂತ ಗೊತ್ತಿತ್ತು. ಗೊತ್ತಿದ್ದೂ ನೋವಾಗುತ್ತೆ.

ಮೇಷ್ಟ್ರು: ನೋಯಿಸೋಕೆ ಹೇಳಲಿಲ್ಲ.

ಹುಡುಗಿ: ಆದರೆ ಇದನ್ನೂ ಕೇಳಿ. ನಾನು ದೋಣಿ ಕೊಳ್ಳೋವರೆಗೆ ನಮ್ಮ ಮನೆಯಲ್ಲಿ ಅವನ ವಿಷಯ ಅಂದ್ರೆ ಮಾತ್ರೆ, ಖರ್ಚು, ಮುಂದೇನು ಅನ್ನೋ ಚಿಂತೆ. ಈಗ ಊಟಕ್ಕೆ ಕೂತಾಗ ದೋಣಿಗೆ ಯಾವ ಬಣ್ಣ, ಅವನ ತಲೆಗೆ ಎಂಥ ಟೋಪಿ ಅಂತ ಚರ್ಚೆ. ಅಮ್ಮ ಬೈತಾಳೆ, ನಗ್ತಾಳೆ. ಅವನು ಕಣ್ಣಲ್ಲೇ ಜಗಳ ಆಡ್ತಾನೆ. ಹಳದಿ ಬೇಡ ಅಂದ. ಮೂರು ಸಲ ಕಣ್ಣು ಮುಚ್ಚಿದ.

ಮೇಷ್ಟ್ರು: ಬೇಡ ಅಂದನಾ? ಇದನ್ನ ಮೊದಲೇ ಹೇಳಬಾರದಿತ್ತಾ? ನೀನು ನಗು ಅಂತ ಹೇಳಿದ್ದು ನನಗೆ ಸಾಕ್ಷಿ ಅನ್ನಿಸಲಿಲ್ಲ. ಇದು ಸಾಕ್ಷಿ. ಬೇಡ ಅನ್ನೋಕೆ ಬಂದವನ ಹೌದಿಗೆ ಮಾತ್ರ ಬೆಲೆ.

ಹುಡುಗಿ: ಹಾಗಾದ್ರೆ ಒಪ್ಪಿದ್ರಾ?

ಮೇಷ್ಟ್ರು: ಬಣ್ಣದ ಮಟ್ಟಿಗೆ.

*ಬಿಸಿಲು ಬೆಂಚಿನವರೆಗೆ ಬಂದಿದೆ. ಇಬ್ಬರೂ ಹೊರಡುತ್ತಾರೆ. ಅಂಗಳದಿಂದ ಗೇಟಿನ ಕಡೆ ಇಳಿಯಲು ಎರಡು ಮೆಟ್ಟಿಲುಗಳಿವೆ.*

ಮೇಷ್ಟ್ರು: ನೋಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಎಣಿಸ್ತು. ಈ ಎರಡು ಮೆಟ್ಟಿಲನ್ನ ಇನ್ನೂ ಯಾರೂ ಎಣಿಸಿಲ್ಲ.

*ಹುಡುಗಿಯ ಕೈ ಕುರ್ಚಿಯ ಹಿಡಿಗೆ ಹೋಗುತ್ತದೆ. ಮುಟ್ಟುವ ಮೊದಲೇ ನಿಲ್ಲುತ್ತದೆ.*

ಹುಡುಗಿ: ಹಿಡೀಲಾ ಸರ್?

ಮೇಷ್ಟ್ರು: ಹಿಡಿ. ಆದರೆ ನಾನು ಹೇಳಿದ ಹಾಗೆ. ಕುರ್ಚಿಯ ಬೆನ್ನು ಮೆಟ್ಟಿಲ ಕಡೆ ತಿರುಗಲಿ. ನೀನು ಮೊದಲು ಇಳಿದು ಹಿಂದೆ ನಿಲ್ಲು. ದೊಡ್ಡ ಗಾಲಿ ಮೊದಲು. ಎತ್ತಬೇಡ, ಭಾರ ತಡೆದುಕೋ, ಸಾಕು. ಈಗ ಒಂದು. ನಿಲ್ಲು. ಹ್ಞಾ, ಈಗ ಇನ್ನೊಂದು.

*ಗಾಲಿಗಳು ನೆಲ ಮುಟ್ಟುತ್ತವೆ. ಅವಳು ತಕ್ಷಣ ಕೈ ಬಿಡುತ್ತಾಳೆ. ಮೇಷ್ಟ್ರು ತಾವೇ ಗಾಲಿ ತಿರುಗಿಸಿ ನಾಲ್ಕು ಮಾರು ಹೋಗಿ ನಿಲ್ಲುತ್ತಾರೆ.*

ಮೇಷ್ಟ್ರು: ಆ ಅಕ್ಕಿ ಮೂಟೆ ತರಬೇಡ.

ಹುಡುಗಿ: ಯಾಕೆ?

ಮೇಷ್ಟ್ರು: ಮೂಟೆ ಏನೂ ಹೇಳಲ್ಲ. ಹಗ್ಗ ಗಿಡ್ಡವಾಗಿದೆ, ನಿನ್ನ ಕಾಲು ಒದ್ದ ನೀರೆಲ್ಲ ದೋಣಿಗೆ ಬೀಳ್ತಿತ್ತು. ಇದನ್ನ ಅಕ್ಕಿ ಹೇಳುತ್ತಾ? ಸೋಮವಾರ ನಾನೇ ಕೂರ್ತೀನಿ. ತೂಕ ಅರವತ್ತೆರಡು.

ಹುಡುಗಿ: ಸರ್! ಹಾಗಾದ್ರೆ...

ಮೇಷ್ಟ್ರು: ಒಪ್ಪಿದೆ ಅಂತ ಯಾರಿಗೂ ಹೇಳಬೇಡ. ಆ ತುದಿಯಿಂದ ಏನು ಕಾಣುತ್ತೆ, ಎಲ್ಲಿ ನೋಯುತ್ತೆ ಅಂತ ನೋಡಿ ನಿನ್ನ ತಮ್ಮನಿಗೆ ಹೇಳ್ತೀನಿ. ಆಮೇಲೆ ಅವನು ಕಣ್ಣು ಮೇಲೆತ್ತಲಿ, ಮುಚ್ಚಲಿ. ಬಿಸಿಲಿರುತ್ತೆ, ಕೊಡೆ ತರ್ತೀನಿ.

ಹುಡುಗಿ: ಕೊಡೆ ಬಿಚ್ಚಿದ್ರೆ ಗಾಳಿಗೆ ದೋಣಿ ತಿರುಗುತ್ತೆ ಸರ್. ನನಗೆ ಎಳೆಯೋಕೆ ಕಷ್ಟ.

ಮೇಷ್ಟ್ರು: ಗಾಳಿ ಯಾವ ಕಡೆಯಿಂದ ಅಂತ ನೋಡ್ಕೊಳ್ಳೋದು ನನ್ನ ಕೆಲಸ. ನೀನು ಈಜು.